ವಿದೇಶದಲ್ಲಿ ದೀರ್ಘಕಾಲದ ವಾಸ್ತವ್ಯ: ಪ್ರವಾಸಿ ವೀಸಾ, ಪ್ರವೇಶ ಮತ್ತು ಅವಧಿ ವಿಸ್ತರಣೆ ಕುರಿತು ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಕುಟುಂಬಗಳಿಂದ ವಿದ್ಯಾಭ್ಯಾಸ ಹಾಗೂ ಉದ್ಯೋಗದ ನಿಮಿತ್ತ ವಿದೇಶಕ್ಕೆ ತೆರಳಿ ಅಲ್ಲಿಯೇ ನೆಲೆಸಿರುವವರು ಇದ್ದಾರೆ. ಇಂತಹವರ ತಂದೆ-ತಾಯಿಗಳು ಮಗಳ ಬಾಣಂತನ, ಮೊಮ್ಮಕ್ಕಳ ಜವಳ, ಮಗನ ಗೃಹಪ್ರವೇಶ ಮೊದಲಾದ ಕಾರಣಗಳಿಗಾಗಿ ಪ್ರವಾಸಿ ವೀಸಾದ ಮೇಲೆ ತೆರಳಿ ಐದಾರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಅಲ್ಲಿ ಉಳಿಯುತ್ತಾರೆ. ವೀಸಾ ಪಡೆಯುವವರೆಗೆ ತೋರುವ ಎಚ್ಚರಿಕೆಯನ್ನು ವೀಸಾ ದೊರೆತ ನಂತರ ತೋರದೆ, ದಿನಾಂಕದ ಒಂದು ತಪ್ಪು ತಿಳಿವಳಿಕೆಯಿಂದ ಮುಂದಿನ ಪ್ರಯಾಣವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ. ಆದ್ದರಿಂದ ಪ್ರವೇಶ, ವಾಸ್ತವ್ಯ ಮತ್ತು ಅವಧಿ ವಿಸ್ತರಣೆಯ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

ಪ್ರಾರಂಭದಲ್ಲಿಯೇ ಸ್ಪಷ್ಟಪಡಿಸಬೇಕಾದ ಅಂಶವೆಂದರೆ, ವೀಸಾ ನೀಡುವುದು ಅಥವಾ ನಿರಾಕರಿಸುವುದು ಸಂಬಂಧಪಟ್ಟ ವಿದೇಶಿ ಸರ್ಕಾರದ ಅಧಿಕಾರ. ಪಾಸ್‌ಪೋರ್ಟ್ ನೀಡುವುದು ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯದ ಅಧಿಕಾರ. ತಾಲ್ಲೂಕು ಕಚೇರಿ, ನಾಡಕಚೇರಿ ಅಥವಾ ಜಿಲ್ಲಾಧಿಕಾರಿಗಳ ಕಚೇರಿಯಿಂದ ದೊರೆಯುವುದು ವಾಸಸ್ಥಳ, ವಂಶವೃಕ್ಷ, ಪಹಣಿ ಮುಂತಾದ ಪೂರಕ ದಾಖಲೆಗಳು ಮಾತ್ರ. ಈ ಕಚೇರಿಗಳ ಶಿಫಾರಸು ಪತ್ರದಿಂದ ವೀಸಾ ಸುಲಭವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ವೀಸಾದ ಅವಧಿ ಬೇರೆ, ವಾಸ್ತವ್ಯದ ಅವಧಿ ಬೇರೆ

ಅರ್ಜಿದಾರರಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಯ ಮೇಲೆ 10 ವರ್ಷದ ಅವಧಿ ನಮೂದಾಗಿದ್ದರೆ, ಅಲ್ಲಿ 10 ವರ್ಷ ಇರಬಹುದು ಎಂದು ಅರ್ಥವಲ್ಲ. ಆ ಅವಧಿಯೊಳಗೆ ಆ ದೇಶದ ಬಾಗಿಲಿಗೆ ಹೋಗಿ ಪ್ರವೇಶ ಕೋರಬಹುದು ಎಂದಷ್ಟೇ ಅರ್ಥ. ಒಳಗೆ ಬಿಡುವುದು, ಎಷ್ಟು ದಿನ ಇರಲು ಬಿಡುವುದು ಎಂಬುದನ್ನು ವಿಮಾನ ನಿಲ್ದಾಣದಲ್ಲಿರುವ ವಲಸೆ ಅಧಿಕಾರಿಯು ಪ್ರತಿ ಬಾರಿಯೂ ಹೊಸದಾಗಿ ತೀರ್ಮಾನಿಸುತ್ತಾರೆ. ಬಸ್ ಪಾಸ್ ಒಂದು ವರ್ಷದ್ದಿದ್ದರೂ ಪಾಸ್ ಹೊಂದಿದವರು ಬಸ್ಸಿನಲ್ಲಿಯೇ ವಾಸ ಮಾಡುವಂತಿಲ್ಲ, ಇದೂ ಹಾಗೆಯೇ.

ಇನ್ನೊಂದು ಅಂಶ ಪ್ರವೇಶಗಳ ಸಂಖ್ಯೆ. ಏಕ ಪ್ರವೇಶದ ವೀಸಾ ಹೊಂದಿದವರು ಆ ದೇಶದಿಂದ ಒಮ್ಮೆ ಹೊರಬಂದರೆ, ವೀಸಾದ ದಿನಾಂಕ ಇನ್ನೂ ಬಾಕಿಯಿದ್ದರೂ, ಆ ವೀಸಾ ಮುಗಿದಂತೆ. ಪಕ್ಕದ ದೇಶವನ್ನು ಎರಡು ದಿನ ನೋಡಿ ಬರೋಣವೆಂದು ಮಕ್ಕಳು ಕಾರಿನಲ್ಲಿ ಕರೆದೊಯ್ಯುವ ಮೊದಲು ಇದನ್ನು ಪರಿಶೀಲಿಸತಕ್ಕದ್ದು. ಬಹು ಪ್ರವೇಶದ ವೀಸಾದಲ್ಲಿ ಈ ತೊಂದರೆ ಇರುವುದಿಲ್ಲ, ಆದರೆ ಪ್ರತಿ ಪ್ರವೇಶದ ದಿನಗಳ ಲೆಕ್ಕ ಇದ್ದೇ ಇರುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನ: ಬಿ-2 ವೀಸಾ ಮತ್ತು ಐ-94 ದಾಖಲೆ

ಅಮೆರಿಕಕ್ಕೆ ಮಕ್ಕಳನ್ನು ಕಾಣಲು ಹೋಗುವವರಿಗೆ ಸಾಮಾನ್ಯವಾಗಿ ಬಿ-1/ಬಿ-2 ವೀಸಾ ನೀಡಲಾಗುತ್ತದೆ. ಭಾರತೀಯರಿಗೆ ಇದು ಸಾಮಾನ್ಯವಾಗಿ 10 ವರ್ಷ ಅವಧಿಯ ಬಹು ಪ್ರವೇಶದ ವೀಸಾ. 2023ರ ಜೂನ್ 17ರಿಂದ ಇದರ ಅರ್ಜಿ ಶುಲ್ಕವನ್ನು 160 ಡಾಲರಿನಿಂದ 185 ಡಾಲರಿಗೆ ಏರಿಸಲಾಯಿತು. ಶುಲ್ಕಗಳು ಬದಲಾಗುತ್ತಿರುವುದರಿಂದ ಪಾವತಿಸುವ ದಿನ ಜಾರಿಯಲ್ಲಿರುವ ದರವನ್ನು ಅಧಿಕೃತ ಜಾಲತಾಣದಲ್ಲಿಯೇ ನೋಡಿಕೊಳ್ಳತಕ್ಕದ್ದು. ಅರ್ಜಿ ನಮೂನೆ ಡಿಎಸ್-160 ಅನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಬೆರಳಚ್ಚು ಮತ್ತು ಭಾವಚಿತ್ರಕ್ಕಾಗಿ ಒಂದು ಭೇಟಿ, ಸಂದರ್ಶನಕ್ಕಾಗಿ ಇನ್ನೊಂದು ಭೇಟಿ ಇರುತ್ತದೆ. ಕರ್ನಾಟಕದ ಅರ್ಜಿದಾರರು ಬಹುಕಾಲದಿಂದ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಿ ಬರುತ್ತಿದ್ದಾರೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅದರೊಂದಿಗೇ ಆರಂಭವಾಗಲಿಲ್ಲ. 79 ವರ್ಷ ಮೀರಿದ ಹಿರಿಯರಿಗೆ ಹಿಂದೆ ಇದ್ದ ಸಂದರ್ಶನ ವಿನಾಯಿತಿ 2025ರ ಸೆಪ್ಟೆಂಬರ್ 2ರಿಂದ ರದ್ದಾಗಿದೆ. ಆದ್ದರಿಂದ ವಯೋವೃದ್ಧರ ಪ್ರಯಾಣ ಮತ್ತು ತಂಗುವ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳಬೇಕು. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುವುದೂ ಉಂಟು. ಹೆರಿಗೆಯ ತಿಂಗಳು ತಿಳಿದ ಕೂಡಲೇ ಅರ್ಜಿ ಹಾಕುವುದು ಉತ್ತಮ.

ಅಮೆರಿಕದಲ್ಲಿ ಇಳಿದ ನಂತರ ಮುಖ್ಯವಾಗುವುದು ವೀಸಾ ಅಲ್ಲ, ಐ-94 ಎಂಬ ಆಗಮನ ದಾಖಲೆ. ಹಿಂದೆ ಇದನ್ನು ಬಿಳಿ ಕಾಗದದ ಚೀಟಿಯಾಗಿ ಪಾಸ್‌ಪೋರ್ಟಿಗೆ ಲಗತ್ತಿಸಲಾಗುತ್ತಿತ್ತು. 2013ರಿಂದ ವಿಮಾನದಲ್ಲಿ ಬರುವವರಿಗೆ ಇದು ಗಣಕೀಕೃತ ದಾಖಲೆಯಾಗಿದೆ. ಬಿ-2 ವೀಸಾದವರಿಗೆ ಸಾಮಾನ್ಯವಾಗಿ 6 ತಿಂಗಳು ನೀಡಲಾಗುತ್ತದೆ. ಕೆಲವು ನಿಲ್ದಾಣಗಳಲ್ಲಿ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತುವುದನ್ನೇ ನಿಲ್ಲಿಸಿರುವುದರಿಂದ, ಇಳಿದ ಒಂದೆರಡು ದಿನಗಳಲ್ಲಿ ಅಮೆರಿಕದ ಗಡಿ ರಕ್ಷಣಾ ಇಲಾಖೆಯ ಜಾಲತಾಣದಿಂದ ಐ-94 ಪ್ರತಿಯನ್ನು ಮುದ್ರಿಸಿಕೊಂಡು ಇಟ್ಟುಕೊಳ್ಳತಕ್ಕದ್ದು. ಪತಿ ಮತ್ತು ಪತ್ನಿ ಇಬ್ಬರ ಪ್ರತಿಯನ್ನೂ ಬೇರೆ ಬೇರೆಯಾಗಿ ತೆಗೆದು ನೋಡಬೇಕು. ಒಂದೇ ಸಾಲಿನಲ್ಲಿ ನಿಂತು ಬಂದವರಿಗೂ ಬೇರೆ ಬೇರೆ ದಿನಾಂಕ ಬೀಳುವ ಸಂಭವವಿದೆ. ತಪ್ಪಿದ್ದಲ್ಲಿ ಅಲ್ಲಿನ ಗಡಿ ಇಲಾಖೆಯ ತಪಾಸಣಾ ಕಚೇರಿಗೆ ಹೋಗಿ ತಿದ್ದಿಸಿಕೊಳ್ಳಲು ಅವಕಾಶವಿದೆ, ಮತ್ತು ಅದು ಮೊದಲ ವಾರದಲ್ಲಿ ಆಗುವಷ್ಟು ಸುಲಭವಾಗಿ ಆರನೇ ತಿಂಗಳಲ್ಲಿ ಆಗುವುದಿಲ್ಲ.

ದಿನಾಂಕ ಓದುವ ರೀತಿಯ ಬಗ್ಗೆಯೂ ಎಚ್ಚರ ಅಗತ್ಯ. ಅಮೆರಿಕದಲ್ಲಿ ತಿಂಗಳನ್ನು ಮೊದಲು, ದಿನವನ್ನು ನಂತರ ಬರೆಯುವ ಪದ್ಧತಿಯಿದೆ. 10-09 ಎಂದಿದ್ದರೆ ಅದು ಅಕ್ಟೋಬರ್ 9; ನಮ್ಮ ರೂಢಿಯಂತೆ ಸೆಪ್ಟೆಂಬರ್ 10 ಅಲ್ಲ. ಈ ಉದಾಹರಣೆಯಲ್ಲಿ ತಪ್ಪಾಗಿ ಓದಿದವರು ಒಂದು ತಿಂಗಳು ಮೊದಲೇ ಹೊರಡುತ್ತಾರೆ, ಅಷ್ಟೇ. 04-12 ಎಂಬ ದಿನಾಂಕವನ್ನು ಡಿಸೆಂಬರ್ 4 ಎಂದು ಓದಿಕೊಂಡವರು ಮಾತ್ರ ಎಂಟು ತಿಂಗಳ ತಪ್ಪಿನಲ್ಲಿ ಸಿಲುಕುತ್ತಾರೆ.

ಪಾಸ್‌ಪೋರ್ಟಿನ ಅವಧಿ ಆರು ತಿಂಗಳೊಳಗೆ ಮುಗಿಯುವಂತಿದ್ದರೆ, ಐ-94 ದಿನಾಂಕವನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಸೀಮಿತಗೊಳಿಸುವ ಸಾಧ್ಯತೆ ಇದೆ. ಹೊರಡುವ ಮೊದಲು ಪಾಸ್‌ಪೋರ್ಟ್ ನವೀಕರಿಸಿಕೊಳ್ಳುವುದು ಇದಕ್ಕೆ ಪರಿಹಾರ. ಹಳೆಯ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ, ಅದು ಹರಿಯದೆ, ರದ್ದಾಗದೆ ಇದ್ದಲ್ಲಿ, ಹೊಸ ಪಾಸ್‌ಪೋರ್ಟ್ ಜೊತೆಗೆ ಹಳೆಯದನ್ನೂ ಕೊಂಡೊಯ್ದರೆ ಸಿಂಧುವಾಗಿರುತ್ತದೆ. ಅವಧಿ ಮುಗಿಯಿತೆಂದು ಹಳೆಯ ಪಾಸ್‌ಪೋರ್ಟನ್ನು ಊರಲ್ಲಿ ಟ್ರಂಕಿನಲ್ಲಿ ಬಿಟ್ಟು ಹೋಗಬಾರದು.

ಅಮೆರಿಕದಲ್ಲಿರುವಾಗಲೇ ವೀಸಾದ 10 ವರ್ಷ ಮುಗಿದರೆ ಏನೆಂಬ ಪ್ರಶ್ನೆಯನ್ನೂ ಕೇಳಲಾಗುತ್ತದೆ. ಐ-94 ದಿನಾಂಕ ಬಾಕಿಯಿರುವವರೆಗೆ ತೊಂದರೆಯಿಲ್ಲ. ಹಾಗೆಯೇ ವೀಸಾ ಇನ್ನೂ ಎಂಟು ವರ್ಷವಿದ್ದರೂ ಐ-94 ಮುಗಿದಿದ್ದರೆ ವಾಸ್ತವ್ಯ ಅಕ್ರಮವಾಗುತ್ತದೆ.

ಅವಧಿ ವಿಸ್ತರಣೆಯ ಅರ್ಜಿ: ನಮೂನೆ ಐ-539

ಸಕಾರಣವಿದ್ದಲ್ಲಿ ವಾಸ್ತವ್ಯದ ಅವಧಿಯನ್ನು ವಿಸ್ತರಿಸುವಂತೆ ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಗೆ ನಮೂನೆ ಐ-539ರಲ್ಲಿ ಅರ್ಜಿ ಸಲ್ಲಿಸಬಹುದು. ಒಮ್ಮೆಗೆ 6 ತಿಂಗಳವರೆಗೆ ವಿಸ್ತರಣೆ ನೀಡಲು ಅವಕಾಶವಿದೆ. ಅರ್ಜಿಯು ಐ-94 ದಿನಾಂಕ ಮುಗಿಯುವುದರೊಳಗೆ ತಲುಪಲೇಬೇಕು. ಕನಿಷ್ಠ 45 ದಿನ ಮೊದಲೇ ಸಲ್ಲಿಸುವಂತೆ ಇಲಾಖೆಯೇ ಸಲಹೆ ನೀಡಿದೆ.

ಉದಾಹರಣೆಗೆ, ರೋಣದ ದಂಪತಿಗಳು ಏಪ್ರಿಲ್ 10ರಂದು ಅಮೆರಿಕದಲ್ಲಿ ಇಳಿದು, ಅವರ ಐ-94 ಅಕ್ಟೋಬರ್ 9ರವರೆಗೆ ಇದೆ ಎಂದಿಟ್ಟುಕೊಳ್ಳಬಹುದು. ಮಗಳ ಹೆರಿಗೆ ಸೆಪ್ಟೆಂಬರಿನಲ್ಲಿ. ಬಾಣಂತನ ಮುಗಿಸಿ ಜನವರಿ ಕೊನೆಗೆ ಹೊರಡುವ ಇಚ್ಛೆ. ಇವರು ಆಗಸ್ಟ್ 25ರೊಳಗೆ ಅರ್ಜಿ ಸಲ್ಲಿಸುವುದು ಸೂಕ್ತ. ಅಕ್ಟೋಬರ್ 9ರಂದು ಅರ್ಜಿ ತಲುಪಿದರೂ ಅದು ಅವಧಿಯೊಳಗಿನ ಅರ್ಜಿಯೇ. 10ರಂದು ತಲುಪಿದರೆ ಅವಧಿ ಮೀರಿದ ಅರ್ಜಿ. ಇವರು ಏಪ್ರಿಲಿನ ಬದಲು ಆಗಸ್ಟಿನಲ್ಲಿ ಹೊರಟಿದ್ದರೆ ವಿಸ್ತರಣೆಯ ಅಗತ್ಯವೇ ಬರುತ್ತಿರಲಿಲ್ಲ ಎಂಬುದನ್ನೂ ಗಮನಿಸಬಹುದು. ಹೆಸರು ಬಿತ್ತನೆ ಮುಗಿಸಿ ಹೊರಟು ಬಿಳಿಜೋಳದ ಸುಗ್ಗಿಗೆ ಮರಳುವ ಲೆಕ್ಕ ಹಾಕಿಕೊಂಡರೆ ಆರು ತಿಂಗಳು ಬಹುತೇಕ ಸಾಕಾಗುತ್ತದೆ.

2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರಪಟ್ಟಿಯ ಪ್ರಕಾರ ಐ-539 ಶುಲ್ಕ ಆನ್‌ಲೈನ್ ಅರ್ಜಿಗೆ 420 ಡಾಲರ್, ಕಾಗದದ ಅರ್ಜಿಗೆ 470 ಡಾಲರ್. ಹಿಂದೆ ಇದ್ದ 85 ಡಾಲರ್ ಬೆರಳಚ್ಚು ಶುಲ್ಕ 2023ರ ಅಕ್ಟೋಬರಿನಲ್ಲಿ ಈ ಅರ್ಜಿಗೆ ರದ್ದಾಯಿತು. ಪತ್ನಿಯನ್ನು ಪತಿಯ ಅರ್ಜಿಯಲ್ಲಿಯೇ ಪೂರಕ ನಮೂನೆ ಐ-539ಎ ಮೂಲಕ ಸೇರಿಸಬಹುದು. ಶುಲ್ಕವನ್ನು ನೋಡಿ ವಿಸ್ತರಣೆ ಅಗ್ಗವೆಂದು ಭಾವಿಸುವಂತಿಲ್ಲ. ವಿಮಾನ ಟಿಕೆಟ್ ದಿನಾಂಕ ಬದಲಾವಣೆ, ಹೆಚ್ಚುವರಿ ತಿಂಗಳುಗಳ ಆರೋಗ್ಯ ವಿಮೆ, ಊರಿನಿಂದ ತಂದ ಔಷಧ ಮುಗಿದರೆ ಅಲ್ಲಿ ಕೊಳ್ಳುವ ವೆಚ್ಚ ಇವೆಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಅರ್ಜಿಯೊಂದಿಗೆ ವಿಸ್ತರಣೆಯ ಕಾರಣ, ವಾಸ್ತವ್ಯ ತಾತ್ಕಾಲಿಕವೆಂಬುದಕ್ಕೆ ಆಧಾರ, ಖರ್ಚು ಭರಿಸುವ ಸಾಮರ್ಥ್ಯ ಮತ್ತು ಮರಳುವ ಉದ್ದೇಶವನ್ನು ತೋರಿಸುವ ದಾಖಲೆಗಳನ್ನು ಲಗತ್ತಿಸಬೇಕು. ಅನಾರೋಗ್ಯ ಕಾರಣವಾಗಿದ್ದಲ್ಲಿ ವೈದ್ಯರ ಪತ್ರ, ಬ್ಯಾಂಕ್ ವಿವರ, ಮರುಪ್ರಯಾಣದ ಟಿಕೆಟ್, ಪಿಂಚಣಿ ಆದೇಶ, ಜಮೀನಿನ ಪಹಣಿ ಇವು ಸಾಮಾನ್ಯವಾಗಿ ಸಲ್ಲಿಸುವ ದಾಖಲೆಗಳು. ಪಹಣಿ, ಖಾತೆ ಉತಾರ, ಗ್ರಾಮ ಪಂಚಾಯತಿ ಪತ್ರ ಮೊದಲಾದ ಕನ್ನಡ ದಾಖಲೆಗಳನ್ನು ಹಾಗೆಯೇ ಕಳುಹಿಸುವಂತಿಲ್ಲ. ಪೂರ್ಣ ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟು, ತಾನು ಎರಡೂ ಭಾಷೆ ಬಲ್ಲವನೆಂದೂ ಅನುವಾದ ಪೂರ್ಣ ಮತ್ತು ಸರಿಯೆಂದೂ ಅನುವಾದಕನು ಸಹಿ ಮಾಡಿ ದೃಢೀಕರಿಸಬೇಕು. ಕನ್ನಡ ಬಲ್ಲ ಯಾರಾದರೂ ಇದನ್ನು ಮಾಡಿಕೊಡಬಹುದು, ಹೆಚ್ಚಿನ ಹಣ ತೆರುವ ಅಗತ್ಯವಿಲ್ಲ.

ಅರ್ಜಿಗೆ ಸಹಿ ಮಾಡಬೇಕಾದವರು ಅರ್ಜಿದಾರರೇ ಹೊರತು ಮಗ ಅಥವಾ ಅಳಿಯ ಅಲ್ಲ. ಬರೆಯಲು ಬಾರದ ಹಿರಿಯರು ಕಾಗದದ ಅರ್ಜಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಅದನ್ನು ಸಹಿಯೆಂದು ಸ್ವೀಕರಿಸಲಾಗುತ್ತದೆ. ತಾಯಿಯ ಪರವಾಗಿ ಮಗ ಸಹಿ ಮಾಡಿದ ಅರ್ಜಿ ತಿರಸ್ಕೃತವಾಗುವುದಕ್ಕಿಂತ ತಾಯಿಯ ಹೆಬ್ಬೆಟ್ಟೇ ಮೇಲು.

ಅರ್ಜಿ ಸ್ವೀಕೃತವಾದ ಮೇಲೆ ಐ-797ಸಿ ಎಂಬ ಸ್ವೀಕೃತಿ ಪತ್ರ ಬರುತ್ತದೆ. ತೀರ್ಮಾನಕ್ಕೆ ಹಲವು ತಿಂಗಳು ಹಿಡಿಯಬಹುದು. ಅವಧಿಯೊಳಗೆ ಸಲ್ಲಿಸಿದ, ಸಕಾರಣವುಳ್ಳ ಅರ್ಜಿ ಬಾಕಿಯಿರುವವರೆಗೆ, ಐ-94 ದಿನಾಂಕ ದಾಟಿದರೂ, ಅಕ್ರಮ ವಾಸ್ತವ್ಯದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇದನ್ನು ಮಿತಿಯಿಲ್ಲದ ರಕ್ಷಣೆಯೆಂದು ತಿಳಿಯಬಾರದು. ಅರ್ಜಿಯಲ್ಲಿ ಜನವರಿ 31ರವರೆಗೆ ಕೋರಿದ್ದರೆ, ತೀರ್ಮಾನ ಬರಲಿ ಬಾರದಿರಲಿ, ಜನವರಿ 31ರೊಳಗೆ ಹೊರಡುವುದೇ ಸರಿಯಾದ ಕ್ರಮ. ಅರ್ಜಿ ತಿರಸ್ಕೃತವಾದ ಪತ್ರ ಬಂದಲ್ಲಿ ತಡಮಾಡದೆ ಹೊರಡತಕ್ಕದ್ದು. ಹೊರಟು ಬಂದ ನಂತರವೂ ಸ್ವೀಕೃತಿ ಪತ್ರ, ಬೋರ್ಡಿಂಗ್ ಪಾಸ್ ಮತ್ತು ಭಾರತದ ಆಗಮನ ಮುದ್ರೆಯ ಪ್ರತಿಗಳನ್ನು ಜೋಪಾನವಾಗಿಡಬೇಕು. ಮುಂದಿನ ಪ್ರವೇಶದಲ್ಲಿ ಅಧಿಕಾರಿಯು ಆರು ತಿಂಗಳು ಮೀರಿದ್ದು ಏಕೆಂದು ಕೇಳಿದಾಗ ಉತ್ತರ ಕೊಡುವುದು ಈ ಕಾಗದಗಳೇ.

ಅವಧಿ ಮೀರಿದಲ್ಲಿ ಉಂಟಾಗುವ ಪರಿಣಾಮ

ಐ-94 ದಿನಾಂಕವನ್ನು ಒಂದು ದಿನ ಮೀರಿದರೂ ಆ ವೀಸಾ ಕಾನೂನಿನ ಪ್ರಕಾರ ಅನೂರ್ಜಿತವಾಗುತ್ತದೆ. ವೀಸಾ ಚೀಟಿಯ ಮೇಲೆ ಇನ್ನೂ ಏಳು ವರ್ಷವಿದೆ ಎಂದು ಮತ್ತೆ ಅದೇ ವೀಸಾದಲ್ಲಿ ಹೊರಟವರನ್ನು ಅಲ್ಲಿನ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಬಹುದು. 180 ದಿನಕ್ಕಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಕಾಲ ಅಕ್ರಮವಾಗಿ ಉಳಿದು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರಿಗೆ 10 ವರ್ಷ ಪ್ರವೇಶ ನಿರ್ಬಂಧವಿದೆ. 1996ರ ಕಾಯಿದೆಯಿಂದ ಬಂದ ಈ ನಿರ್ಬಂಧದಲ್ಲಿ ಹಿರಿಯರೆಂಬ ಕಾರಣಕ್ಕೆ ವಿನಾಯಿತಿ ಇಲ್ಲ. 68 ವರ್ಷದ ತಂದೆಗೆ 10 ವರ್ಷದ ನಿರ್ಬಂಧವೆಂದರೆ ಏನು ಎಂಬುದನ್ನು ಮಕ್ಕಳು ಯೋಚಿಸಬೇಕು.

ಪ್ರವಾಸಿ ವೀಸಾದಲ್ಲಿ ವೇತನಕ್ಕಾಗಿ ಯಾವುದೇ ಕೆಲಸ ಮಾಡುವಂತಿಲ್ಲ. ಸ್ವಂತ ಮೊಮ್ಮಕ್ಕಳನ್ನು ಕಾಣಲು ಹೋಗಿ ಮನೆಯವರೊಂದಿಗೆ ಇರುವುದು ಬೇರೆ, ನೆರೆಯವರ ಮಕ್ಕಳನ್ನು ಹಣ ಪಡೆದು ನೋಡಿಕೊಳ್ಳುವುದು ಅಥವಾ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದು ಬೇರೆ. ಎರಡನೆಯದು ವೀಸಾ ಷರತ್ತಿನ ಉಲ್ಲಂಘನೆ.

2020ರ ಅನುಭವ

ಈ ನಿಯಮಗಳ ಬೆಲೆ ಕೋವಿಡ್ ಕಾಲದಲ್ಲಿ ಸ್ಪಷ್ಟವಾಯಿತು. 2020ರ ಮಾರ್ಚ್ 22ರಿಂದ ಭಾರತಕ್ಕೆ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಬರುವುದು ನಿಂತಿತು. ಮಕ್ಕಳ ಮನೆಗೆ ಹೋಗಿದ್ದ ಹಿರಿಯರು ಟಿಕೆಟ್ ಇದ್ದರೂ ಹೊರಡಲಾಗದೆ ಉಳಿದರು. ವಂದೇ ಭಾರತ್ ವಿಮಾನಗಳು ಮೇ 7ರಂದು ಆರಂಭವಾದರೂ ಎಲ್ಲರಿಗೂ ಕೂಡಲೇ ಸ್ಥಳ ದೊರೆಯಲಿಲ್ಲ. ನಿಯಮಿತ ವಿಮಾನ ಸಂಚಾರ ಪೂರ್ಣವಾಗಿ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು. ವಿಮಾನವಿಲ್ಲವೆಂಬ ಕಾರಣದಿಂದ ಐ-94 ದಿನಾಂಕ ತಾನಾಗಿಯೇ ಮುಂದಕ್ಕೆ ಹೋಗಲಿಲ್ಲ. ಅವಧಿಯೊಳಗೆ ಐ-539 ಸಲ್ಲಿಸಿದವರು ನಿಶ್ಚಿಂತೆಯಿಂದಿದ್ದರು. ತಡವಾದವರು ಅಸಾಧಾರಣ ಪರಿಸ್ಥಿತಿಯ ಕಾರಣ ನೀಡಿ, ಆಧಾರ ಒದಗಿಸಿ, ಅಧಿಕಾರಿಯ ವಿವೇಚನೆಗೆ ಕಾಯಬೇಕಾಯಿತು. ಯುದ್ಧ, ಜ್ವಾಲಾಮುಖಿ, ವಿಮಾನ ಸಂಸ್ಥೆಯ ಮುಷ್ಕರ ಯಾವುದೇ ಇರಲಿ, ಹೊರಡಲಾಗದ ಸ್ಥಿತಿ ಕಂಡ ಕೂಡಲೇ ಅರ್ಜಿ ಸಲ್ಲಿಸುವುದೇ ಮಾರ್ಗ.

ಪದೇ ಪದೇ ಪ್ರವೇಶ

ವರ್ಷದಲ್ಲಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇದ್ದರೆ ಸಾಕೆಂಬ ಮಾತು ಜನರಲ್ಲಿ ಪ್ರಚಲಿತವಿದೆ. ಅಮೆರಿಕದ ನಿಯಮದಲ್ಲಿ ಇಂತಹ ನಿಗದಿತ ಲೆಕ್ಕವಿಲ್ಲ. ಭೇಟಿಗೆ ಬಂದವರೋ, ನೆಲೆಸಲು ಬಂದವರೋ ಎಂಬುದನ್ನು ಅಧಿಕಾರಿಯು ಹಿಂದಿನ ಭೇಟಿಗಳನ್ನು ನೋಡಿ ನಿರ್ಧರಿಸುತ್ತಾರೆ. ಹಿಂದಿನ ಬಾರಿ ಹತ್ತು ತಿಂಗಳು ಇದ್ದು, ಎರಡು ತಿಂಗಳಲ್ಲಿ ಮತ್ತೆ ಬಂದವರಿಗೆ ಕಡಿಮೆ ಅವಧಿ ದೊರೆಯಬಹುದು ಅಥವಾ ಪ್ರವೇಶವೇ ದೊರೆಯದಿರಬಹುದು. ಹೊರಗಿದ್ದ ಕಾಲವು ಒಳಗಿದ್ದ ಕಾಲಕ್ಕಿಂತ ಹೆಚ್ಚಾಗಿರುವಂತೆ ನೋಡಿಕೊಳ್ಳುವುದು ವಿವೇಕ.

ಕೆನಡಾ ಅಥವಾ ಮೆಕ್ಸಿಕೊಗೆ ನಾಲ್ಕು ದಿನ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂಬುದೂ ಭರವಸೆಯಿಡಬಹುದಾದ ಮಾತಲ್ಲ. 30 ದಿನದೊಳಗಿನ ಇಂತಹ ಪ್ರವಾಸದಿಂದ ಮರಳಿದವರನ್ನು ಹಳೆಯ ಐ-94 ದಿನಾಂಕದ ಮೇಲೆಯೇ ಒಳಬಿಡಬಹುದು. ಅಲ್ಲದೆ ಆ ದೇಶಗಳ ವೀಸಾ ಅಗತ್ಯವಿದೆಯೇ ಎಂಬುದನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಇತರ ದೇಶಗಳು

ಬ್ರಿಟನ್: ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಒಂದು ಭೇಟಿಗೆ 6 ತಿಂಗಳ ಮಿತಿ. 2, 5 ಮತ್ತು 10 ವರ್ಷದ ವೀಸಾಗಳಿದ್ದರೂ ಪ್ರತಿ ಭೇಟಿಗೆ ಇದೇ ಮಿತಿ ಅನ್ವಯಿಸುತ್ತದೆ. ವೈದ್ಯಕೀಯ ಚಿಕಿತ್ಸೆಯಂತಹ ಕೆಲವು ಸಂದರ್ಭ ಬಿಟ್ಟರೆ 6 ತಿಂಗಳ ಆಚೆಗೆ ವಿಸ್ತರಣೆ ಇಲ್ಲ.

ಯುರೋಪಿನ ಷೆಂಗೆನ್ ದೇಶಗಳು (29): ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಜರ್ಮನಿಯಲ್ಲಿ 60 ದಿನ ಕಳೆದವರು ನೆದರ್ಲೆಂಡ್ಸ್‌ನಲ್ಲಿ ಹೊಸದಾಗಿ 90 ದಿನ ಎಣಿಸುವಂತಿಲ್ಲ. ಎಲ್ಲ ದೇಶಗಳದ್ದೂ ಒಂದೇ ಲೆಕ್ಕ. ಇಳಿದ ದಿನ ಮತ್ತು ಹೊರಟ ದಿನ ಎರಡೂ ಎಣಿಕೆಗೆ ಸೇರುತ್ತವೆ. ಜೂನ್ 1ರಂದು ಇಳಿದವರ 90ನೇ ದಿನ ಆಗಸ್ಟ್ 29 (ಜೂನ್ 30, ಜುಲೈ 31, ಆಗಸ್ಟ್ 29). ಅಂದು ಹೊರಟವರು, ವೀಸಾ ಬಹು ಪ್ರವೇಶದ್ದಾಗಿದ್ದರೆ, ಮತ್ತೆ ಒಳಬರಬಹುದಾದದ್ದು ನವೆಂಬರ್ 28ರಿಂದ. ವೀಸಾ ಚೀಟಿಯಲ್ಲಿ ಇದಕ್ಕಿಂತ ಕಡಿಮೆ ದಿನ ನಮೂದಾಗಿದ್ದರೆ ಅದೇ ಅಂತಿಮ. 2025ರ ಅಕ್ಟೋಬರ್ 12ರಿಂದ ಅಲ್ಲಿ ಪ್ರವೇಶ-ನಿರ್ಗಮನಗಳನ್ನು ಬೆರಳಚ್ಚು ಸಹಿತ ಗಣಕಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆ ಆರಂಭವಾಗಿರುವುದರಿಂದ, ಮುದ್ರೆ ಅಸ್ಪಷ್ಟವಾಗಿದ್ದ ಕಾಲದ ಸಡಿಲತೆಯನ್ನು ಈಗ ನಿರೀಕ್ಷಿಸುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ.

ಆಸ್ಟ್ರೇಲಿಯ: ಸಂದರ್ಶಕ ವೀಸಾ (ಉಪವರ್ಗ 600) ಮಂಜೂರಾತಿ ಪತ್ರದಲ್ಲಿ ಷರತ್ತಿನ ಸಂಖ್ಯೆಗಳನ್ನು ನಮೂದಿಸಲಾಗಿರುತ್ತದೆ. 8503 ಎಂದಿದ್ದರೆ ಅಲ್ಲಿದ್ದುಕೊಂಡು ಮುಂದಿನ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. 8558 ಎಂದಿದ್ದರೆ ಯಾವುದೇ 18 ತಿಂಗಳಲ್ಲಿ ಒಟ್ಟು 12 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಮಂಜೂರಾತಿ ಪತ್ರವನ್ನು ಮೊದಲ ಪುಟ ಮಾತ್ರ ಓದಿ ಮಡಿಚಿಡುವವರೇ ಹೆಚ್ಚು. ಈ ಸಂಖ್ಯೆಗಳು ಒಳಪುಟಗಳಲ್ಲಿರುತ್ತವೆ.

ಕೆನಡಾ: ಸಾಮಾನ್ಯ ಸಂದರ್ಶಕರಿಗೆ 6 ತಿಂಗಳು. ಪೌರರು ಅಥವಾ ಕಾಯಂ ನಿವಾಸಿಗಳ ತಂದೆ-ತಾಯಿ ಮತ್ತು ಅಜ್ಜ-ಅಜ್ಜಿಯರಿಗೆ ಸೂಪರ್ ವೀಸಾ ಎಂಬ ಪ್ರತ್ಯೇಕ ವ್ಯವಸ್ಥೆಯಿದ್ದು, 2022ರ ಜುಲೈ 4ರಿಂದ ಒಂದು ಪ್ರವೇಶಕ್ಕೆ 5 ವರ್ಷದವರೆಗೆ ವಾಸ್ತವ್ಯಕ್ಕೆ ಅವಕಾಶವಿದೆ. ಇದಕ್ಕೆ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಮತ್ತು ಮಕ್ಕಳ ನಿಗದಿತ ಆದಾಯದ ಪುರಾವೆ ಬೇಕು. ದೀರ್ಘಕಾಲ ಇರಲು ಇಚ್ಛಿಸುವ ಹಿರಿಯರಿಗೆ, ಮಕ್ಕಳು ಕೆನಡಾದಲ್ಲಿದ್ದರೆ, ಸಂದರ್ಶಕ ವೀಸಾಕ್ಕಿಂತ ಇದೇ ಸೂಕ್ತ.

ಸಂಯುಕ್ತ ಅರಬ್ ಸಂಸ್ಥಾನ: 30 ಅಥವಾ 60 ದಿನದ ಭೇಟಿ ವೀಸಾ ರೂಢಿಯಲ್ಲಿದೆ. ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ. ಇಬ್ಬರು ಒಂದು ತಿಂಗಳು ಮೀರಿದರೆ 3,000 ದಿರ್ಹಮ್ ಆಗುತ್ತದೆ, ಮತ್ತು ಅದನ್ನು ಕಟ್ಟದೆ ಹೊರಡುವಂತಿಲ್ಲ.

ಹೆಸರು, ಜನ್ಮಸ್ಥಳ ಮತ್ತು ಪಾಸ್‌ಪೋರ್ಟ್

ಈ ಭಾಗದ ಹಿರಿಯರ ದಾಖಲೆಗಳಲ್ಲಿ ಹೆಸರುಗಳು ಒಂದೇ ರೀತಿ ಇರುವುದು ಅಪರೂಪ. ಪಹಣಿಯಲ್ಲಿ ಗಂಡನ ಅಥವಾ ತಂದೆಯ ಹೆಸರಿನೊಂದಿಗೆ, ಮತದಾರರ ಚೀಟಿಯಲ್ಲಿ ಅಡ್ಡಹೆಸರಿನೊಂದಿಗೆ, ಆಧಾರ್‌ನಲ್ಲಿ ಬರೀ ಹೆಸರು. ಆಧಾರ್‌ನಲ್ಲಿದ್ದಂತೆ ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದರೆ ಅಡ್ಡಹೆಸರಿನ ಅಂಕಣ ಖಾಲಿ ಉಳಿಯುತ್ತದೆ. ಅಮೆರಿಕದ ವೀಸಾದಲ್ಲಿ ಆಗ ಅವರ ಹೆಸರನ್ನು ಅಡ್ಡಹೆಸರಿನ ಸ್ಥಾನಕ್ಕೆ ಹಾಕಿ, ಹೆಸರಿನ ಸ್ಥಾನದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಮುದ್ರಿಸಲಾಗುತ್ತದೆ. ಟಿಕೆಟ್ ಮತ್ತು ವಿಮೆಯಲ್ಲಿಯೂ ಅದನ್ನೇ ಅನುಸರಿಸದಿದ್ದರೆ ತೊಂದರೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಭೇಟಿ ವೀಸಾದಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದವರ ಪ್ರವೇಶವನ್ನು ನಿರ್ಬಂಧಿಸಿದೆ. ಆದ್ದರಿಂದ ಪಾಸ್‌ಪೋರ್ಟ್ ಅರ್ಜಿಗೆ ಮೊದಲೇ ಆಧಾರ್‌ನಲ್ಲಿ ಅಡ್ಡಹೆಸರು ಸೇರಿಸಿಕೊಳ್ಳುವುದು ಲೇಸು.

ಜನ್ಮಸ್ಥಳದ ವಿಷಯದಲ್ಲಿಯೂ ಗೊಂದಲವಿದೆ. ಗದಗ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಧಾರವಾಡ ಜಿಲ್ಲೆಯೆಂದಿದೆ. 1956ಕ್ಕಿಂತ ಹಿಂದೆ ಜನಿಸಿದವರ ಕಾಗದಗಳಲ್ಲಿ ಮುಂಬಯಿ ರಾಜ್ಯವೆಂದೂ ಇರಬಹುದು. ಗಜೇಂದ್ರಗಡ ಪ್ರತ್ಯೇಕ ತಾಲ್ಲೂಕಾಗುವ ಮೊದಲು ರೋಣ ತಾಲ್ಲೂಕಿನಲ್ಲಿತ್ತು. ಇವು ತಪ್ಪುಗಳಲ್ಲ, ಆದರೆ ವೀಸಾ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ನಮೂದಿಸತಕ್ಕದ್ದು. ಕೇಳಿದಲ್ಲಿ ಮಾತ್ರ ವಿವರಣೆ ನೀಡಬೇಕು.

ಪಾಸ್‌ಪೋರ್ಟ್ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹಾಜರಾಗಬಹುದು. 36 ಪುಟಗಳ, 10 ವರ್ಷದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂ.; 60 ವರ್ಷ ಮೀರಿದವರ ಹೊಸ ಅರ್ಜಿಗೆ ಶೇ. 10 ರಿಯಾಯಿತಿ ಇದೆ. ಜನನ ಪ್ರಮಾಣ ಪತ್ರವೇ ಬೇಕೆಂಬ ನಿಯಮ 2023ರ ಅಕ್ಟೋಬರ್ 1ರಂದು ಅಥವಾ ನಂತರ ಜನಿಸಿದವರಿಗೆ ಮಾತ್ರ. ಹಿರಿಯರು ಶಾಲಾ ವರ್ಗಾವಣೆ ಪತ್ರ, ಪಾನ್ ಕಾರ್ಡ್, ಪಿಂಚಣಿ ದಾಖಲೆ ಮೊದಲಾದವುಗಳಲ್ಲಿ ಒಂದನ್ನು ನೀಡಬಹುದು. ಹತ್ತನೇ ತರಗತಿ ಓದದವರ ಪಾಸ್‌ಪೋರ್ಟಿನಲ್ಲಿ ವಲಸೆ ಪರಿಶೀಲನೆ ಅಗತ್ಯವೆಂಬ ಷರಾ ಬರುತ್ತದೆಂದು ಕೆಲವರು ಆತಂಕಪಡುತ್ತಾರೆ. 50 ವರ್ಷ ಮೀರಿದವರಿಗೆ ಈ ಷರಾದಿಂದ ವಿನಾಯಿತಿ ಇದೆ.

ಹೊರಡುವ ಮೊದಲು ಊರಿನಲ್ಲಿ ಮಾಡಬೇಕಾದ ವ್ಯವಸ್ಥೆ

ಪಿಂಚಣಿದಾರರು ನವೆಂಬರ್ ತಿಂಗಳಿನಲ್ಲಿ ಜೀವಿತ ಪ್ರಮಾಣ ಪತ್ರ ಸಲ್ಲಿಸಬೇಕಾಗಿರುವುದರಿಂದ, ವಿಸ್ತರಣೆ ಪಡೆದು ಉಳಿದವರ ಪಿಂಚಣಿ ನಿಲ್ಲುವ ಸಂಭವವಿದೆ. ಆಧಾರ್ ಆಧಾರಿತ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮುಖ ಗುರುತಿನ ಮೂಲಕ ಮೊಬೈಲ್‌ನಲ್ಲಿಯೇ ಸಲ್ಲಿಸಬಹುದು, ಅಥವಾ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ಪ್ರಮಾಣ ಪತ್ರ ಪಡೆಯಬಹುದು. ಬ್ಯಾಂಕ್ ಮತ್ತು ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಯನ್ನು ಆರು ತಿಂಗಳು ರೀಚಾರ್ಜ್ ಮಾಡದೆ ಬಿಟ್ಟು, ಅದು ಸ್ಥಗಿತಗೊಂಡು, ಒಟಿಪಿ ಬಾರದೆ ತೊಂದರೆಗೀಡಾಗುವುದನ್ನು ತಪ್ಪಿಸಬೇಕು.

ಜಮೀನು, ಬೆಳೆ ಸಾಲ, ಮನೆ ಬಾಡಿಗೆ ಇತ್ಯಾದಿ ವ್ಯವಹಾರಕ್ಕಾಗಿ ಅಧಿಕಾರ ಪತ್ರ ನೀಡುವುದಿದ್ದಲ್ಲಿ ಹೊರಡುವ ಮೊದಲೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮಾಡಿಸುವುದು ಸುಲಭ. ವಿದೇಶದಿಂದ ಮಾಡುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲಿಗೆ ಕಳುಹಿಸಿ, ಮುದ್ರಾಂಕ ಶುಲ್ಕದ ಕ್ರಮ ಪೂರೈಸಬೇಕಾಗುತ್ತದೆ.

ಔಷಧಗಳನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಕೊಂಡೊಯ್ಯಬೇಕು. ಸಂದರ್ಶಕರ ವಿಮೆಯಲ್ಲಿ ಮೊದಲಿನಿಂದ ಇರುವ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಪೂರ್ಣ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಪಾಲಿಸಿಯ ಈ ಭಾಗವನ್ನು ಮಕ್ಕಳಿಂದ ಓದಿಸಿ ಅರ್ಥ ಮಾಡಿಕೊಂಡ ನಂತರವೇ ಹಣ ಕಟ್ಟಬೇಕು.

ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ಭೇಟಿ ವೀಸಾದಲ್ಲಿ ಕಳುಹಿಸಿ ಅಲ್ಲಿ ಕೆಲಸದ ವೀಸಾಕ್ಕೆ ಬದಲಾಯಿಸಿಕೊಡುವುದಾಗಿ ಯುವಕರಿಗೆ ಹೇಳುವ ಮಧ್ಯವರ್ತಿಗಳಿದ್ದಾರೆ. ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸಲು 1983ರ ವಲಸೆ ಕಾಯಿದೆಯ ಅಡಿ ನೋಂದಣಿ ಕಡ್ಡಾಯ. ನೋಂದಾಯಿತ ಏಜೆಂಟರ ಪಟ್ಟಿ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಭೇಟಿ ವೀಸಾದ ಮೇಲೆ ಕೆಲಸಕ್ಕೆ ನಿಂತವರು ವೇತನ ದೊರೆಯದಿದ್ದರೂ ದೂರು ನೀಡಲು ಹಿಂಜರಿಯುವ ಸ್ಥಿತಿಗೆ ಬರುತ್ತಾರೆ, ದಿನದ ದಂಡವೂ ಏರುತ್ತಿರುತ್ತದೆ. ಇಂತಹ ಸ್ಥಿತಿಯಲ್ಲಿರುವವರ ಪರವಾಗಿ ಕುಟುಂಬದವರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಊರಿನಿಂದಲೇ ದೂರು ದಾಖಲಿಸಬಹುದು. ದೂರು ದಾಖಲಿಸುವಾಗ ಪಾಸ್‌ಪೋರ್ಟ್ ಸಂಖ್ಯೆ ಅಗತ್ಯವಾದ್ದರಿಂದ, ವಿದೇಶಕ್ಕೆ ಹೊರಡುವ ಪ್ರತಿಯೊಬ್ಬರ ಪಾಸ್‌ಪೋರ್ಟ್, ವೀಸಾ ಮತ್ತು ಟಿಕೆಟ್‌ನ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟು ಹೋಗತಕ್ಕದ್ದು.